ಅಪ್‌ಡೇಟ್: ಹಳೆಯ ಗೇಮಿಂಗ್ ಕಂಪ್ಯೂಟರಿನಲ್ಲಿ ಮೊದಲು ಬದಲಾದದ್ದು ರ‍್ಯಾಮ್
2017ರ ರೈಜೆನ್ 5 1600 ಪ್ರೊಸೆಸರ್ ಇರುವ ನನ್ನ ಕಂಪ್ಯೂಟರನ್ನು ಸೀಮಿತ ಹಣದಲ್ಲಿ ಹಂತ ಹಂತವಾಗಿ ಸುಧಾರಿಸಲು ಎಲ್ಲಿಂದ ಆರಂಭಿಸಬೇಕೆಂದು ಕೇಳಿದ್ದೆ. ಖರೀದಿಗೆ ಮುನ್ನ ಆಟ ಎಲ್ಲಿ ತಡವರಿಸುತ್ತದೆಂದು ಗಮನಿಸಲು ಹೇಳಿದವರಿಗೆ ನಾನು ಋಣಿ. ಗ್ರಾಫಿಕ್ಸ್ ಕಾರ್ಡಿಗೆ ಇನ್ನೂ ಬಿಡುವಿತ್ತು. 8 ಜಿಬಿ ರ‍್ಯಾಮ್ ಮಾತ್ರ ತುಂಬಿಹೋಗಿತ್ತು, ಅದೂ ಒಂದೇ ಸ್ಟಿಕ್ ಆದ್ದರಿಂದ ಎರಡು ಸ್ಟಿಕ್ಕುಗಳಿಂದ ಏಕಕಾಲಕ್ಕೆ ಮಾಹಿತಿ ಸಾಗಿಸುವ ಡ್ಯುಯಲ್ ಚಾನೆಲ್‌ನ ಲಾಭವೂ ಸಿಗುತ್ತಿರಲಿಲ್ಲ. ಅದೇ ವೇಗದ ಇನ್ನೊಂದು ಸ್ಟಿಕ್ಕನ್ನು, ಮದರ್‌ಬೋರ್ಡಿನ ಕೈಪಿಡಿಯಲ್ಲಿರುವಂತೆ ನಡುವೆ ಒಂದು ಸ್ಲಾಟ್ ಬಿಟ್ಟು, ಕೊಕ್ಕೆ ಟಕ್ಕೆಂದು ಕೂರುವವರೆಗೆ ಒತ್ತಿ ಸೇರಿಸಿದ ಮೇಲೆ, ಆಟದ ನಡುವೆ ಚಿತ್ರ ಕ್ಷಣಕಾಲ ನಿಂತುಬಿಡುತ್ತಿದ್ದ ಕಾಟ ತಪ್ಪಿದೆ. ಮುಂದಿನ ಹಂತ ರೈಜೆನ್ 5 5600 ಪ್ರೊಸೆಸರ್. ಅದೂ ಹಳೆಯದರಂತೆ, ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್‌ನದೇ ಆಗಿರುವುದರಿಂದ, ಹಳೆಯ ಪ್ರೊಸೆಸರ್ ಇರುವಾಗಲೇ ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸ್ ಅಪ್‌ಡೇಟ್ ಮಾಡಿಕೊಂಡರೆ ನನ್ನ ಬೋರ್ಡನ್ನೇ ಉಳಿಸಿಕೊಳ್ಳಬಹುದು.