ಚರ್ಚೆ: ಕಷ್ಟದ ರಾತ್ರಿಯಲ್ಲಿ ಹಾಸ್ಟೆಲ್‌ನ ಮುಸ್ಲಿಂ ಮಕ್ಕಳ ಜೊತೆ ಕೂರೋರು ಯಾರು?

ವಾರ್ಡನ್ ಮೇಡಂ:
ನಾನು ಶಿವಮೊಗ್ಗ ಜಿಲ್ಲೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಆರು ವರ್ಷ ಹುಡುಗಿಯರ ಹಾಸ್ಟೆಲ್ ವಾರ್ಡನ್ ಆಗಿಯೂ ಇದ್ದೆ. ಬಹಳ ದಿನದಿಂದ ಮನಸ್ಸಿನಲ್ಲಿ ಉಳಿದಿರುವ ಒಂದು ವಿಷಯ ಹೇಳಬೇಕಿದೆ.

2022ರ ಫೆಬ್ರವರಿ ನೆನಪಿದೆಯಲ್ಲ? ಹಿಜಾಬ್ ಗಲಾಟೆಯ ತಿಂಗಳು. 5ನೇ ತಾರೀಖು ಸಮವಸ್ತ್ರದ ಬಗ್ಗೆ ಸರ್ಕಾರದ ಆದೇಶ ಬಂತು. 8ಕ್ಕೆ ರಾಜ್ಯದ ಹೈಸ್ಕೂಲು, ಕಾಲೇಜುಗಳಿಗೆ ಮೂರು ದಿನ ರಜೆ ಅಂದರು. 20ರ ರಾತ್ರಿ ಶಿವಮೊಗ್ಗದಲ್ಲಿ ಒಬ್ಬ ಯುವಕನ ಕೊಲೆ ಆಯಿತು. ನಿಷೇಧಾಜ್ಞೆ ಬಂತು. ಅಂಗಡಿಗಳು ಮುಚ್ಚಿದವು, ಬೀದಿ ತುಂಬಾ ಪೊಲೀಸರು. ನಮ್ಮ ಹಾಸ್ಟೆಲ್‌ನಲ್ಲಿ ಊರಿಗೆ ಹೋಗಲಾಗದೆ ಹದಿನಾಲ್ಕು ಹುಡುಗಿಯರು ಉಳಿದರು. ಅದರಲ್ಲಿ ಐದು ಜನ ಮುಸ್ಲಿಮರು.

ಮರುದಿನ ಸಂಜೆ ಆ ಐವರಲ್ಲಿ ಒಬ್ಬಳಿಗೆ ಮನೆಯಿಂದ ಫೋನ್ ಬಂತು. ಅಜ್ಜಿ ತೀರಿಕೊಂಡಿದ್ದರು. ಊರು ಕೊಪ್ಪದ ಕಡೆ. ಅವರಲ್ಲಿ ಮಣ್ಣು ಮಾಡುವುದನ್ನು ತಡ ಮಾಡುವುದಿಲ್ಲ. ಮುಖ ನೋಡೋಕೆ ಆಗಲ್ಲ ಅಂತ ಗೊತ್ತಾದ ಮೇಲೆ ಅವಳು ಮಂಚದ ಕಬ್ಬಿಣದ ಕಾಲು ಹಿಡಿದು ನೆಲದ ಮೇಲೆ ಕೂತಳು. ಕೈ ಬಿಡಲೇ ಇಲ್ಲ. ಆಪ್ತಸಮಾಲೋಚಕರಿಗೆ ಫೋನ್ ಮಾಡಿದೆ. ಒಳ್ಳೆಯವರು ಅವರು. ಊಟ ಆಯಿತಾ, ನಿದ್ದೆ ಬರುತ್ತಾ, ಉಸಿರು ನಿಧಾನಕ್ಕೆ ಎಳೆದುಕೋ ಅಂದರು. ಇವಳು "ಹೂಂ ಮೇಡಂ, ಹೂಂ ಮೇಡಂ" ಅಂದಳು. ಫೋನ್ ಇಟ್ಟ ಮೇಲೆ ನನ್ನನ್ನು ಕೇಳಿದಳು: "ಮೇಡಂ, ನಾನು ಇಲ್ಲಿಂದ ದುವಾ ಮಾಡಿದರೆ ಅಜ್ಜಿಗೆ ತಲುಪುತ್ತಾ?"

ನನಗೆ ಏನು ಹೇಳಬೇಕು ಅಂತ ತಿಳಿಯಲಿಲ್ಲ. ಅವಳ ಪ್ರಾರ್ಥನೆ ತಲುಪುತ್ತೆ ಅನ್ನಬಹುದಿತ್ತು. ಆದರೆ ನಾನು ಹೇಳಿದರೆ ಅವಳು ನಂಬುವ ಮಾತಲ್ಲ ಅದು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಕೆಲಸ ಮಾಡುವ ಖಾಲಾ (ಚಿಕ್ಕಮ್ಮ ಅನ್ನುವ ಹಾಗೆ ಕರೆಯುವ ಮಾತು) ಬಂದರು. ಕೈಯಲ್ಲಿ ಇನ್ನೂ ಅಕ್ಕಿಹಿಟ್ಟು ಅಂಟಿತ್ತು. "ಯಾಕೆ ತಲುಪಲ್ಲ ಬೇಟಾ, ತಲುಪುತ್ತೆ" ಅಂದು ಕೈ ತೊಳೆದು ಬಂದರು. ಹುಡುಗಿಗೆ ವಜೂ ಮಾಡಿಸಿ, ಅಂದರೆ ಪ್ರಾರ್ಥನೆಗೆ ಮುಂಚೆ ಕೈಕಾಲು ಮುಖ ತೊಳೆಸಿ, ಪಕ್ಕದಲ್ಲೇ ಚಾಪೆ ಹಾಸಿ ಕೂತು ಕುರಾನಿನ ಯಾಸೀನ್ ಅಧ್ಯಾಯ ಓದಿದರು. ಅರ್ಧ ಗಂಟೆ ಆದ ಮೇಲೆ ಹುಡುಗಿ ಜೋರಾಗಿ ಅತ್ತಳು. ರಾತ್ರಿ ಹತ್ತಕ್ಕೆ ಒಂದು ರೊಟ್ಟಿ ತಿಂದಳು.

ಖಾಲಾ ಈಗ ಕೆಲಸ ಬಿಟ್ಟಿದ್ದಾರೆ. ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಇಂಥ ಕೆಲಸಕ್ಕೆ ಅಂತಲೇ 'ಚಾಪ್ಲಿನ್' ಅನ್ನುವವರು ಇರುತ್ತಾರಂತೆ. ನಮ್ಮಲ್ಲೂ ಕ್ಯಾಂಪಸ್ಸಿಗೆ ಒಬ್ಬರು ಬೇಡವೇ? ಗಲಾಟೆ ಆದ ಮೇಲೆ ಹುಡುಕಿದರೆ ಸಿಗುವುದಿಲ್ಲ, ಮೊದಲೇ ಪರಿಚಯ ಇರಬೇಕು. ನಿಮಗೆ ಏನನ್ನಿಸುತ್ತದೆ ಹೇಳಿ.

ತುಂಗಾತೀರದ ವಕೀಲ:
ಮೇಡಂ, ಓದಿ ಸಂಕಟ ಆಯಿತು. ಆದರೂ ಒಂದು ಮಾತು ಹೇಳಲೇಬೇಕು. ಸಂವಿಧಾನದ 28ನೇ ವಿಧಿ ನೋಡಿ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು. ಸರ್ಕಾರಿ ಕಾಲೇಜು ಒಬ್ಬ ಮೌಲಾನಾಗೆ ಸಂಬಳ ಕೊಟ್ಟರೆ ನಾಳೆಯೇ ಯಾರಾದರೂ ಹೈಕೋರ್ಟಿಗೆ ಹೋಗುತ್ತಾರೆ. ಹೋದರೆ ತಪ್ಪು ಅಂತಲೂ ಹೇಳಲಾಗದು. ಇವತ್ತು ನಿಮ್ಮ ಒಳ್ಳೆಯ ಉದ್ದೇಶಕ್ಕೆ ತೆಗೆದ ಬಾಗಿಲನ್ನು ನಾಳೆ ಬೇರೆ ಉದ್ದೇಶದವರೂ ಬಳಸುತ್ತಾರೆ.

ಭದ್ರಾವತಿಯ ಅಪ್ಪ:
ನನ್ನ ಮಗಳೂ ಹಾಸ್ಟೆಲ್‌ನಲ್ಲಿ ಓದುತ್ತಾಳೆ. ಆ ಫೆಬ್ರವರಿಯಲ್ಲಿ ಅವಳೂ ಹೆದರಿದ್ದಳು, ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಸತ್ತ ಹುಡುಗನ ಮನೆಯ ಕಷ್ಟವೂ ಕಷ್ಟವೇ. ಒಂದು ಧರ್ಮದ ಮಕ್ಕಳಿಗೆ ಮಾತ್ರ ಯಾಕೆ? ನಾವು ವರ್ಷಕ್ಕೊಮ್ಮೆ ಹಣಗೆರೆಕಟ್ಟೆಗೆ ಹೋಗುತ್ತೇವೆ. ಅಲ್ಲಿ ಭೂತರಾಯ, ಚೌಡಮ್ಮ, ದರ್ಗಾ ಎಲ್ಲ ಒಂದೇ ಸೂರಿನ ಕೆಳಗೆ. ಮಲೆನಾಡು ಅಂದರೆ ಅದು. ಹಾಸ್ಟೆಲ್‌ನಲ್ಲಿ ಇವರಿಗೊಬ್ಬರು, ಅವರಿಗೊಬ್ಬರು ಅಂತ ಶುರು ಮಾಡಿದರೆ ಊಟದ ಮೇಜೂ ಬೇರೆ ಆಗುತ್ತದೆ.

ವಾರ್ಡನ್ ಮೇಡಂ:
ಅಣ್ಣಾ, ನಿಮ್ಮ ಮಗಳ ಭಯ ನನಗೆ ಗೊತ್ತು. ಉಳಿದ ಒಂಬತ್ತು ಮಕ್ಕಳ ಜೊತೆಗೂ ಅವತ್ತು ರಾತ್ರಿ ಎರಡರ ತನಕ ನಾನೇ ಕೂತಿದ್ದೆ. ಅವರಿಗೆ ನನ್ನ ಮಾತು ಸಾಕಾಯಿತು. ದೀಪ ಹಚ್ಚಿ ಒಂದು ಹಾಡು ಹೇಳಿ ಮಲಗಿದರು. ಅವರಲ್ಲಿ ಯಾರ ಅಜ್ಜಿಯಾದರೂ ಹೋಗಿದ್ದರೆ ಏನು ಮಾಡಬೇಕು ಅಂತ ನನಗೆ ಗೊತ್ತಿತ್ತು. ಈ ಐದು ಜನರಿಗೆ ಮಾತ್ರ ನನ್ನ ಹತ್ತಿರ ಏನೂ ಇರಲಿಲ್ಲ. ಹಣಗೆರೆಕಟ್ಟೆಯಲ್ಲೂ ಸೂರು ಒಂದೇ ಆದರೂ ಹರಕೆ ಹೊತ್ತವರು ಅವರವರ ರೀತಿಯಲ್ಲೇ ಸಲ್ಲಿಸುತ್ತಾರೆ, ಅಲ್ವಾ?

ಸಾಗರದ ಹುಡುಗಿ:
ನಾನು ಮುಸ್ಲಿಂ. ಎಂ.ಎ. ಮುಗಿಸಿ ಈಗ ಕೆಲಸದಲ್ಲಿದ್ದೇನೆ. ಮೇಡಂ, ನಿಮ್ಮ ಖಾಲಾಗೆ ನನ್ನ ಸಲಾಮ್ ಹೇಳಿ. ಆದರೆ ನಿಮ್ಮ ಸಲಹೆ ಓದಿ ನನಗೆ ಹೆದರಿಕೆ ಆಯಿತು.

ಕ್ಯಾಂಪಸ್ಸಿಗೆ ಒಬ್ಬ ಮೌಲಾನಾ ಬಂದರೆ ಮೊದಲು ಏನಾಗುತ್ತದೆ ಗೊತ್ತಾ? ಯಾರು ತಲೆಗೆ ಬಟ್ಟೆ ಹಾಕಿಲ್ಲ, ಯಾರು ಯಾರ ಜೊತೆ ಕ್ಯಾಂಟೀನ್‌ನಲ್ಲಿ ಕೂತಿದ್ದರು ಅನ್ನುವುದು ಶುಕ್ರವಾರದ ನಮಾಜಿನ ಹೊತ್ತಿಗೆ ಅಪ್ಪನ ಕಿವಿಗೆ ಬೀಳುತ್ತದೆ. ನನ್ನ ಜೊತೆ ಓದುತ್ತಿದ್ದ ಒಬ್ಬಳನ್ನು ಇಂಥದೇ ಒಂದು ಮಾತಿನ ಮೇಲೆ ಎರಡನೇ ವರ್ಷಕ್ಕೇ ಓದು ಬಿಡಿಸಿದರು. 2022ರಲ್ಲಿ ಕಾಲೇಜಿನ ಗೇಟಿನಲ್ಲಿ ಒಂದು ಕಡೆಯವರು ಬಟ್ಟೆ ತೆಗಿ ಅಂದರು. ಮನೆಯಲ್ಲಿ ಇನ್ನೊಂದು ಕಡೆಯವರು ತೆಗೆದರೆ ಕಾಲೇಜೇ ಬೇಡ ಅಂದರು. ನಿನಗೆ ಏನು ಬೇಕು ಅಂತ ಯಾರೂ ಕೇಳಲಿಲ್ಲ. ಈಗ ಮೂರನೆಯವರು ಒಬ್ಬರು ಬಂದು ಹೇಳುವುದು ಬೇಡ.

ಇನ್ನೊಂದು. ಮುಸ್ಲಿಮರು ಅಂದರೆ ಎಲ್ಲರೂ ಒಂದೇ ಅಲ್ಲ. ಧರ್ಮದ ನಿಯಮಗಳಲ್ಲಿ ಹನಫಿ, ಶಾಫಿ ಅಂತ ಬೇರೆ ಬೇರೆ ಪಂಥಗಳಿವೆ. ನಾವು ಮನೆಯಲ್ಲಿ ಉರ್ದು ಮಾತಾಡುವವರು, ಹನಫಿಗಳು. ಕೊಪ್ಪ, ತೀರ್ಥಹಳ್ಳಿ ಕಡೆಯ ಬ್ಯಾರಿಗಳು, ಅಂದರೆ ಬ್ಯಾರಿ ಭಾಷೆ ಮಾತಾಡುವ ಮುಸ್ಲಿಮರು, ಶಾಫಿಗಳು. ದೂರದಲ್ಲಿದ್ದುಕೊಂಡೇ ಸತ್ತವರಿಗೆ ಜನಾಜಾ ನಮಾಜು (ಅಂತ್ಯಕ್ರಿಯೆಯ ಪ್ರಾರ್ಥನೆ) ಮಾಡಲು ಶಾಫಿಗಳಲ್ಲಿ ಅವಕಾಶ ಇದೆ, ಹನಫಿಗಳಲ್ಲಿ ಇಲ್ಲ. ಆ ಹುಡುಗಿ ಬ್ಯಾರಿಯಾಗಿದ್ದು, ಬಂದವರು ಹನಫಿ ಮೌಲಾನಾ ಆಗಿದ್ದರೆ? ಇಲ್ಲ ಕಣಮ್ಮ, ಹಾಗೆಲ್ಲ ಮಾಡೋಕಾಗಲ್ಲ ಅಂದುಬಿಟ್ಟಿದ್ದರೆ ಅವಳ ಗತಿ ಏನು? ಅವಳಿಗೆ ಅವತ್ತು ಮುಟ್ಟಾಗಿದ್ದಿದ್ದರೆ? ಆಗ ನಮಾಜು ಇಲ್ಲ, ದುವಾ ಮಾಡಬಹುದು. ಇದನ್ನು ಒಬ್ಬ ಗಂಡಸಿನ ಹತ್ತಿರ ಹೇಗೆ ಕೇಳೋದು?

ವಾರ್ಡನ್ ಮೇಡಂ:
ತಂಗಿ, ನಾನು ಇದ್ಯಾವುದನ್ನೂ ಯೋಚಿಸಿರಲಿಲ್ಲ. ಅವಳು ಬ್ಯಾರಿಯೇ. ಖಾಲಾ ಮನೆಮಾತು ಉರ್ದು. ಅವತ್ತು ಅವರು ನಿಯಮದ ಮಾತೇ ತೆಗೆಯಲಿಲ್ಲ.

ಕೊಪ್ಪ ಬಿಟ್ಟು ಹೋದವನು:
ನಾನು ಅಮೆರಿಕದಲ್ಲಿ ಓದಿದವನು, ಮುಸ್ಲಿಂ ಅಲ್ಲ. ಆದರೆ ನನ್ನ ರೂಂಮೇಟ್ ಹೈದರಾಬಾದಿನ ಮುಸ್ಲಿಂ ಹುಡುಗ, ಹಾಗಾಗಿ ಚಾಪ್ಲಿನ್ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ಮೂಲದಲ್ಲಿ ಅದು ಕ್ರೈಸ್ತರ ಹುದ್ದೆ. ಸೈನ್ಯ, ಆಸ್ಪತ್ರೆ, ಜೈಲಿನಲ್ಲಿರುವ ಪಾದ್ರಿ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಪೂರ್ಣಾವಧಿ ಮುಸ್ಲಿಂ ಚಾಪ್ಲಿನ್ ನೇಮಿಸಿದ ಮೊದಲನೆಯದು ಜಾರ್ಜ್‌ಟೌನ್, 1999ರಲ್ಲಿ. ಅದು ಕ್ಯಾಥೊಲಿಕ್ ಸಂಸ್ಥೆ ಅನ್ನುವುದನ್ನು ಗಮನಿಸಿ. ಹಾರ್ಟ್‌ಫರ್ಡ್ ಅನ್ನುವ ಊರಿನ ಒಂದು ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಅಂತಲೇ ಕೋರ್ಸ್ ಇದೆ. ಧರ್ಮಗ್ರಂಥದ ಜೊತೆಗೆ ಆಪ್ತಸಮಾಲೋಚನೆಯನ್ನೂ ಕಲಿಯುತ್ತಾರೆ. ಹೆಂಗಸರೂ ಚಾಪ್ಲಿನ್ ಆಗುತ್ತಾರೆ. ಮಸೀದಿಯ ಇಮಾಮ್ ಬೇರೆ, ಇವರು ಬೇರೆ. ಕೇಳದೇ ಉಪದೇಶ ಮಾಡುವುದಿಲ್ಲ, ಕೇಳಿದ್ದನ್ನು ಮನೆಗೆ ಹೇಳುವುದಿಲ್ಲ.

2015ರ ಫೆಬ್ರವರಿ 10ರಂದು ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್‌ನಲ್ಲಿ ಮೂವರು ಮುಸ್ಲಿಂ ಯುವಜನರನ್ನು ಅವರ ಮನೆಯಲ್ಲೇ ಗುಂಡು ಹೊಡೆದು ಕೊಂದರು. ಮರುದಿನ ಕ್ಯಾಂಪಸ್ಸಿನಲ್ಲಿ ಸಾವಿರಾರು ಜನ ಮೇಣದ ಬತ್ತಿ ಹಿಡಿದು ಸೇರಿದರು. ಜನಾಜಾ ನಮಾಜನ್ನು ಬಯಲಿನ ಮೈದಾನದಲ್ಲಿ ಮಾಡಬೇಕಾಯಿತು, ಅಷ್ಟು ಜನ. ಆ ವಾರ ನಾವಿದ್ದ ಊರಿನ ಚಾಪ್ಲಿನ್ ಏನು ಮಾಡಿದರು ಅಂದರೆ, ಭಾಷಣ ಮಾಡಲಿಲ್ಲ. ಲೈಬ್ರರಿಯಿಂದ ರಾತ್ರಿ ಒಬ್ಬರೇ ಬರುವ ಹುಡುಗಿಯರ ಜೊತೆ ನಡೆದು ಬಂದರು. ಪರೀಕ್ಷೆ ಮುಂದೆ ಹಾಕಿ ಅಂತ ಪ್ರೊಫೆಸರುಗಳಿಗೆ ಪತ್ರ ಬರೆದರು. ಹೈದರಾಬಾದಿಗೆ ಫೋನ್ ಮಾಡಿ ನನ್ನ ರೂಂಮೇಟ್‌ನ ಅಮ್ಮನ ಹತ್ತಿರ ಇಪ್ಪತ್ತು ನಿಮಿಷ ಮಾತಾಡಿದರು. ಅವನೇ ಕೇಳಿಕೊಂಡಿದ್ದ.

ವಕೀಲರೇ, ನಿಮ್ಮ ಪ್ರಶ್ನೆ ಅಲ್ಲೂ ಇದೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಚಾಪ್ಲಿನ್‌ಗೆ ಸಂಬಳ ಕೊಡುವುದು ಹೊರಗಿನ ಸಮುದಾಯದ ಸಂಸ್ಥೆಗಳು. ವಿಶ್ವವಿದ್ಯಾಲಯ ಒಳಗೆ ಬರಲು ಅನುಮತಿ ಕೊಡುತ್ತದೆ, ಅಷ್ಟೇ.

ನಿವೃತ್ತ ಸುಬೇದಾರ್:
ಅಮೆರಿಕದ ತನಕ ಯಾಕೆ ಹೋಗಬೇಕು? ನಮ್ಮ ಸೈನ್ಯದಲ್ಲೇ ಇದೆ. ಧರ್ಮಗುರು ಅಂತ ಜೆ.ಸಿ.ಓ. (ಕಿರಿಯ ಅಧಿಕಾರಿ) ದರ್ಜೆಯ ಹುದ್ದೆ. ಪಂಡಿತರು, ಸಿಖ್ಖರ ಗ್ರಂಥಿ, ಮೌಲ್ವಿ, ಪಾದ್ರಿ, ಬೌದ್ಧ ಭಿಕ್ಷು ಎಲ್ಲ ಇದ್ದಾರೆ. ಡಿಗ್ರಿ ಆಗಿರಬೇಕು. ಅಂತ್ಯಕ್ರಿಯೆಗೆ ಹೋಗುವುದು, ಆಸ್ಪತ್ರೆಯಲ್ಲಿ ಮಲಗಿದ ಜವಾನನ ಹತ್ತಿರ ಕೂರುವುದು ಅವರ ಕೆಲಸದಲ್ಲೇ ಬರೆದಿದೆ. ಸರ್ಕಾರದ ಸಂಬಳವೇ. ಗಡಿಯಲ್ಲಿ ನನ್ನ ತುಕಡಿಯ ಒಬ್ಬ ಹುಡುಗನ ತಂದೆ ತೀರಿಕೊಂಡಾಗ ಹಿಮ ಬಿದ್ದು ದಾರಿ ಮುಚ್ಚಿತ್ತು. ಮೌಲ್ವಿ ಸಾಹೇಬರು ಅವನ ಬಂಕರಿನಲ್ಲೇ ಮಲಗಿದರು, ಮೂರು ರಾತ್ರಿ. ನಾನು ಹಿಂದೂ. ನನಗೆ ಜ್ವರ ಬಂದಾಗಲೂ ಕಷಾಯ ಕಾಸಿ ಕೊಟ್ಟವರು ಅವರೇ. ಇದರಿಂದ ತುಕಡಿ ಒಡೆಯಲಿಲ್ಲ.

ತುಂಗಾತೀರದ ವಕೀಲ:
ಸುಬೇದಾರ್ ಸಾಹೇಬ್ರೇ, ಸೈನ್ಯ ಶಿಕ್ಷಣ ಸಂಸ್ಥೆ ಅಲ್ಲ, 28ನೇ ವಿಧಿ ಅಲ್ಲಿಗೆ ಬರುವುದಿಲ್ಲ. ಆದರೂ ನಿಮ್ಮ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ವಿಧಿಯಲ್ಲಿ ಬೇಡ ಅಂದಿರುವುದು ಬೋಧನೆ. 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಧರ್ಮಗಳ ಬಗ್ಗೆ ತಿಳಿಸುವುದೇ ಬೇರೆ, ಧಾರ್ಮಿಕ ಬೋಧನೆಯೇ ಬೇರೆ ಅಂತ ಗೆರೆ ಎಳೆದಿದೆ. ಅಜ್ಜಿ ಸತ್ತ ಹುಡುಗಿಯ ಪಕ್ಕ ಕೂರುವುದು ಬೋಧನೆ ಆಗುವುದಿಲ್ಲ ಅಂತ ನಾನೂ ವಾದ ಮಾಡಬಲ್ಲೆ. ಸರ್ಕಾರಿ ಸಂಬಳ ಬೇಡ, ಹುದ್ದೆ ಬೇಡ. ಹಾಸ್ಟೆಲ್ ಸಮಿತಿ ಒಪ್ಪಿದ ಒಂದು ಪಟ್ಟಿ ಇರಲಿ. ಎಲ್ಲ ಧರ್ಮದವರೂ ಅದರಲ್ಲಿ ಇರಲಿ. ವಿದ್ಯಾರ್ಥಿ ಕರೆದರೆ ಮಾತ್ರ ಬರಬೇಕು.

ಆಪ್ತಸಮಾಲೋಚಕಿ, ಶಿವಮೊಗ್ಗ:
ಮೇಡಂ ಹೇಳಿದ ಆ ಫೋನ್‌ನ ಇನ್ನೊಂದು ತುದಿಯಲ್ಲಿ ನಾನಿರಲಿಲ್ಲ. ಆದರೆ ಇರಬಹುದಿತ್ತು. ನಾನೂ ಹಾಗೇ ಕೇಳುತ್ತಿದ್ದೆ.

100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ತರಬೇತಿ ಪಡೆದ ಸಮಾಲೋಚಕರು ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇದೆಲ್ಲ ಬೇಕೇ ಬೇಕು. ಚಾಪ್ಲಿನ್ ಬಂದರು ಅಂತ ಇದನ್ನು ಕೈ ಬಿಡಬಾರದು.

ಆದರೆ ನನ್ನ ಅನುಭವದ ಒಂದು ಮಾತು. ಕೆಲವು ಮುಸ್ಲಿಂ ಮಕ್ಕಳು ಸಾಯಬೇಕು ಅನ್ನಿಸಿದ್ದನ್ನು ನನ್ನ ಹತ್ತಿರ ಬಾಯಿಬಿಟ್ಟು ಹೇಳುವುದೇ ಇಲ್ಲ. ಅದು ಹರಾಮ್, ಹಾಗೆ ಯೋಚಿಸಿದ್ದೇ ಪಾಪ ಅನ್ನುವ ನಾಚಿಕೆ ಅವರಿಗೆ. ಐದನೇ ಭೇಟಿಯಲ್ಲಿ ಒಬ್ಬ ಹುಡುಗ ಕೇಳಿದ: "ಮೇಡಂ, ಹಾಗೆ ಅನ್ನಿಸಿದರೆ ಅಲ್ಲಾಹನ ಹತ್ತಿರ ನಾನು ಮುಗಿದ ಹಾಗೇನಾ?" ನಾನು ಅವನ ದುಃಖಕ್ಕೆ ಜೊತೆ ಕೊಡಬಲ್ಲೆ. ಈ ಪ್ರಶ್ನೆಗೆ ಮಾತ್ರ ಅವನ ಧರ್ಮ ಬಲ್ಲವರೇ ಪಕ್ಕದಲ್ಲಿ ಕೂತು "ಇಲ್ಲಪ್ಪ, ನೀನು ಕಾಯಿಲೆ ಬಿದ್ದಿದ್ದೀಯ, ಡಾಕ್ಟರ ಹತ್ತಿರ ಹೋಗೋಣ" ಅನ್ನಬೇಕು. ಅಂಥವರು ನನಗೆ ಎರಡು ದಿನ ಹುಡುಕಿದ ಮೇಲೆ ಸಿಕ್ಕಿದರು. ಆ ಎರಡು ದಿನ ನಾನು ಫೋನ್ ಕೈಯಲ್ಲೇ ಹಿಡಿದು ಮಲಗಿದ್ದೆ. ಹುಡುಗ ಈಗ ಚೆನ್ನಾಗಿದ್ದಾನೆ.

ಹಾಗಾಗಿ ಪಟ್ಟಿಯಲ್ಲಿ ಯಾರೇ ಇರಲಿ, ಅಪಾಯದ ಗುರುತು ಯಾವುದು, ಯಾವಾಗ ಕೂಡಲೇ ನಮಗೆ ತಿಳಿಸಬೇಕು ಅನ್ನುವುದನ್ನು ಮೊದಲೇ ಕಲಿಸಬೇಕು. ನಾನು ಕಲಿಸುತ್ತೇನೆ, ದುಡ್ಡು ಬೇಡ.

ಭದ್ರಾವತಿಯ ಅಪ್ಪ:
ಸುಬೇದಾರರ ಮಾತು, ಸಮಾಲೋಚಕರ ಮಾತು ಎರಡೂ ಕೇಳಿದೆ. ಪಟ್ಟಿ ಎಲ್ಲ ಮಕ್ಕಳಿಗೂ ಅಂದರೆ ನನ್ನ ವಿರೋಧ ಇಲ್ಲ. ಆದರೂ ಹೊರಗಿನವರು ರಾತ್ರಿ ಹುಡುಗಿಯರ ಹಾಸ್ಟೆಲ್ ಒಳಗೆ ಬರುವುದು ನನಗೆ ಸರಿ ಕಾಣುವುದಿಲ್ಲ. ಅದನ್ನು ಒಪ್ಪಲಾರೆ.

ಸಾಗರದ ಹುಡುಗಿ:
ಅಂಕಲ್, ಆ ಮಾತಿಗೆ ನಾನೂ ಸೇರಿದ್ದೇನೆ. ಹುಡುಗಿಯರಿಗೆ ಹೆಂಗಸರೇ ಬರಬೇಕು. ಮದರಸಾದಲ್ಲಿ ಓದಿ ಆಲಿಮಾ, ಅಂದರೆ ಧರ್ಮ ಓದಿದ ವಿದ್ವಾಂಸೆ, ಆದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಡಿಗ್ರಿಯನ್ನೂ ಮಾಡಿದವರು ಹುಡುಕಿದರೆ ಸಿಗುತ್ತಾರೆ. ಹನಫಿ ಒಬ್ಬರು, ಶಾಫಿ ಒಬ್ಬರು ಇರಲಿ. ಕೇಳಿದ್ದನ್ನು ಮನೆಗಾಗಲಿ, ಮಸೀದಿಯ ಜಮಾತಿಗಾಗಲಿ ಹೇಳುವುದಿಲ್ಲ ಅಂತ ಬರೆದು ಸಹಿ ಹಾಕಲಿ. ಆ ಕಾಗದ ಹಾಸ್ಟೆಲ್ ಗೋಡೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇರಲಿ. ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಸಮಾಲೋಚಕರಿಗೆ ಹೇಳಬಹುದು ಅಂತಲೂ ಅದರಲ್ಲೇ ಬರೆಯಿರಿ.

ಗಲಾಟೆಯ ದಿನ ಮಾತ್ರ ಬರುವುದಾದರೆ ಬೇಡ. ರಂಜಾನ್‌ನಲ್ಲಿ ಬರಲಿ. ಬೆಳಗಿನ ಜಾವ ನಾಲ್ಕಕ್ಕೆ ಸೆಹ್ರಿಗೆ, ಅಂದರೆ ಉಪವಾಸಕ್ಕೆ ಮುಂಚಿನ ಊಟಕ್ಕೆ, ಮೆಸ್ ತೆಗೆದಿರುವುದಿಲ್ಲ, ಹಿಂದಿನ ರಾತ್ರಿಯ ತಣ್ಣನೆ ಚಪಾತಿ ತಿಂದು ಎಷ್ಟು ದಿನ ಉಪವಾಸ ಇದ್ದೆವೋ. ಅದರ ಬಗ್ಗೆ ಮೆಸ್‌ನವರ ಹತ್ತಿರ ಒಂದು ಮಾತು ಆಡಲಿ. ಹಾಗೆ ಮುಖ ಪರಿಚಯ ಆದವರ ಹತ್ತಿರವೇ ಹುಡುಗಿಯರು ಕಷ್ಟದ ದಿನ ಮಾತಾಡುವುದು.

ನಾನು ಪೂರ್ತಿ ಒಪ್ಪಿದ್ದೇನೆ ಅಂತ ತಿಳಿಯಬೇಡಿ. ಅವರು ಬಂದು ಕೂರುವ ಕೋಣೆಯ ಕೀಲಿ ಯಾರ ಹತ್ತಿರ ಇರುತ್ತದೆ ಹೇಳಿ.

ವಾರ್ಡನ್ ಮೇಡಂ:
ಹುಡುಗಿಯರ ಹತ್ತಿರ. ಗೇಟಿನ ಪಕ್ಕದ ಹಳೇ ಸ್ಟೋರ್ ರೂಂ ಖಾಲಿ ಇದೆ. ಹಾಸ್ಟೆಲ್ ಒಳಗೆ ಬರುವುದೇ ಬೇಕಿಲ್ಲ, ಭದ್ರಾವತಿ ಅಣ್ಣ ಹೇಳಿದ್ದಕ್ಕೂ ಅದು ಸರಿಹೋಗುತ್ತದೆ. ಮಳೆಗಾಲದಲ್ಲಿ ಸ್ವಲ್ಪ ಸೋರುತ್ತದೆ, ಹೆಂಚು ಬದಲಿಸಬೇಕು. ಸೋಮವಾರ ಹಾಸ್ಟೆಲ್ ಸಮಿತಿ ಸೇರುತ್ತದೆ. ವಕೀಲರೇ, ಆ ಪಟ್ಟಿಯ ನಿಯಮ ಒಂದು ಪುಟದಲ್ಲಿ ಬರೆದು ಕೊಡುತ್ತೀರಾ? ಖಾಲಾ ಹತ್ತಿರ ನಾಳೆ ನಾನೇ ಹೋಗಿ ಬರುತ್ತೇನೆ. ಈಗ ಮಂಡಿ ನೋವು, ಓಡಾಡುವುದು ಕಷ್ಟ ಅನ್ನುತ್ತಾರೆ. ಮೊದಲ ಹೆಸರು ಅವರದ್ದೇ ಇರಬೇಕು ಅಂತ ನನ್ನ ಆಸೆ.