ಸೋತ ಓಟಕ್ಕೆ ಕಾರಣ ಇತ್ತಾ?

(ನಮ್ಮ ಮನೆಯವರ ವಾಟ್ಸಾಪ್ ಗುಂಪು, ಮೈಸೂರು ಡರ್ಬಿ ಕುದುರೆ ಪಂದ್ಯ ಹತ್ತಿರ ಬಂದಾಗಿನ ಒಂದು ಸಂಜೆ)

ಚಿಕ್ಕಪ್ಪ, ಮಂಡ್ಯ: (ಫಾರ್ವರ್ಡ್ ಆದ ಚಿತ್ರ) ಅಮೆರಿಕದ ಕೆಂಟಕಿ ಡರ್ಬಿ ಗೆದ್ದವು, ಅದಕ್ಕೆ ಮುಂಚಿನ ಓಟ ಸೋತವು. 1973 ಸೆಕ್ರೆಟೇರಿಯಟ್, 3ನೇ ಸ್ಥಾನ. 1995 ಥಂಡರ್ ಗಲ್ಚ್, 4. 2005 ಜಿಯಾಕೊಮೊ, 4. 2009 ಮೈನ್ ದಟ್ ಬರ್ಡ್, 4. 2022 ರಿಚ್ ಸ್ಟ್ರೈಕ್, 3. ಕೊನೇ ಓಟ ನೋಡಿ ಮೋಸ ಹೋಗಬೇಡಿ!!

ಚಿಕ್ಕಪ್ಪ, ಮಂಡ್ಯ: ಅಣ್ಣ, ನೋಡಿದ್ಯಾ? ನಾನು ಹೇಳಿದ ಕುದುರೆ ಹೋದ ಸಲ ಐದನೇದು ಬಂತು ಅಂತ ನೀನು ತಳ್ಳಿಹಾಕಿದೆ. ಈಗ ಏನಂತೀಯ?

ದೊಡ್ಡಪ್ಪ: ಪಟ್ಟಿಯಲ್ಲಿ ಸುಳ್ಳಿಲ್ಲ. ಆದರೆ ಮುಂಚಿನ ಓಟ ಸೋತು, ಡರ್ಬಿಯಲ್ಲೂ ಸೋತವು ಎಲ್ಲಿ? ಅಲ್ಲಿ ಗೇಟಿಗೆ ಇಪ್ಪತ್ತು ಕುದುರೆವರೆಗೂ ನಿಲ್ಲುತ್ತವೆ. ಅದರಲ್ಲಿ ಸೋತು ಬಂದವೇ ಎಷ್ಟೋ. ಅವುಗಳ ಹೆಸರು ಯಾರೂ ಬರೆದಿಡೋಲ್ಲ.

ಚಿಕ್ಕಪ್ಪ, ಮಂಡ್ಯ: ಸೆಕ್ರೆಟೇರಿಯಟ್‌ನೂ ನೀನು ಬಿಟ್ಟುಬಿಡ್ತಿದ್ದೆ ಅಂತಾಯ್ತು.

ದೊಡ್ಡಪ್ಪ: ಇಲ್ಲ, ಬಿಡ್ತಿರಲಿಲ್ಲ. ನ್ಯೂಯಾರ್ಕಿನ ವುಡ್ ಮೆಮೋರಿಯಲ್‌ನಲ್ಲಿ ಅದು ಮೂರನೇದು ಬಂತು, ಗೆದ್ದ ಆಂಗಲ್ ಲೈಟ್‌ಗಿಂತ ನಾಲ್ಕು ಲೆಂಗ್ತ್, ಅಂದರೆ ನಾಲ್ಕು ಕುದುರೆಯುದ್ದ, ಹಿಂದೆ. ಮೇಲ್ದುಟಿಯ ಒಳಗೆ ಕುರು ಆಗಿತ್ತು. ಆ ಕುರು ಒಡೆದ ಮೇಲೆ ತಾಲೀಮಿನಲ್ಲಿ ಮತ್ತೆ ಚುರುಕಾಯ್ತು. ಎರಡು ವಾರಕ್ಕೆ ಡರ್ಬಿಯನ್ನ 1 ನಿಮಿಷ 59.4 ಸೆಕೆಂಡಿನಲ್ಲಿ ಗೆದ್ದಿತು. ಆ ದಾಖಲೆ ಇವತ್ತಿಗೂ ಮುರಿದಿಲ್ಲ. ಅದರಲ್ಲೂ ಪ್ರತಿ 400 ಮೀಟರನ್ನ ಹಿಂದಿನ 400ಕ್ಕಿಂತ ಬೇಗ ಓಡಿತು.

ಅಕ್ಕ: ಪಶುವೈದ್ಯೆಯಾಗಿ ಒಂದು ಮಾತು. ಕುದುರೆಗೂ ಸವಾರನಿಗೂ ಮಾತುಕತೆ ನಡೆಯೋದೇ ಕಡಿವಾಣದ ಮೂಲಕ. ಬಾಯಲ್ಲಿ ನೋವಿದ್ದರೆ ಜಾಕಿ ಲಗಾಮು ಹಿಡಿದಾಗ ಅದು ತಲೆ ಎತ್ತುತ್ತದೆ, ಬಾಯಿ ಕೊಡೋಲ್ಲ. ಕಾಲಿಗೂ ಶ್ವಾಸಕೋಶಕ್ಕೂ ಏನೂ ಆಗಿರೋಲ್ಲ. ಅಂಥ ಸೋಲನ್ನ ನಿಜವಾಗಲೂ ಮರೆತುಬಿಡಬಹುದು, ದೊಡ್ಡಪ್ಪ.

ಚಿಕ್ಕಪ್ಪ, ಮಂಡ್ಯ: ನಾನೂ ಅದನ್ನೇ ತಾನೆ ಹೇಳ್ತಿರೋದು!

ದೊಡ್ಡಪ್ಪ: ಅಲ್ಲಪ್ಪ, ಮುಂದೆ ಕೇಳು. ಅದೇ ವುಡ್ ಮೆಮೋರಿಯಲ್, 2011. ಅಂಕಲ್ ಮೋ ಅನ್ನೋ ಕುದುರೆ, ಹಿಂದಿನ ವರ್ಷದ ಎರಡು ವಯಸ್ಸಿನವುಗಳ ಚಾಂಪಿಯನ್, ಅಲ್ಲೀವರೆಗೂ ಸೋಲೇ ಕಂಡಿರಲಿಲ್ಲ. ಅದೂ ಮೂರನೇದೇ ಬಂತು. ಹೊಟ್ಟೆಯಲ್ಲಿ ಸೋಂಕು ಅಂದರು. ಸೆಕ್ರೆಟೇರಿಯಟ್ ಥರ ಎದ್ದು ಬರುತ್ತೆ ಅಂತ ಕಾದರು. ಡರ್ಬಿಯ ಹಿಂದಿನ ದಿನ ಹೆಸರು ವಾಪಸ್ ತೆಗೆದರು. ಆಮೇಲೆ ಗೊತ್ತಾಯ್ತು, ಪಿತ್ತಜನಕಾಂಗಕ್ಕೇ ಕಾಯಿಲೆ. ರೇಸ್ ಬುಕ್ಕಲ್ಲಿ ಇಬ್ಬರ ಹೆಸರಿನ ಮುಂದೆಯೂ ಅದೇ 3. ಆ 3 ಅನ್ನು ನೋಡಿದರೆ ಏನು ತಿಳಿಯುತ್ತೆ, ಹೇಳು.

ಅತ್ತೆ: ಪಾಪ ಮೂಕಪ್ರಾಣಿ, ಒಳಗೆ ನೋವಿಟ್ಟುಕೊಂಡು ಓಡಿದೆ. ಮೇವು ಬಿಟ್ಟಿದೆಯಾ ಅಂತ ಲಾಯದವರನ್ನ ಮೊದಲು ಕೇಳಬೇಕು ಕಣೋ. ನಮ್ಮ ಹಟ್ಟಿಯಲ್ಲಿ ಹಸುಗಳನ್ನ ಅಪ್ಪ ನೋಡ್ತಿದ್ದದ್ದೂ ಹಾಗೇ.

ಅಕ್ಕ: ಅತ್ತೆ ಹೇಳಿದ್ದು ನೂರಕ್ಕೆ ನೂರು ಸರಿ. ಓಟ ಆದ ಮಾರನೇ ದಿನ ಮೇವಿನ ತೊಟ್ಟಿ ಖಾಲಿಯಾಗಿತ್ತಾ ಅನ್ನೋದೇ ನಂಗೂ ಮೊದಲ ಪ್ರಶ್ನೆ.

ನಾನು: ಆರೋಗ್ಯ ಬಿಟ್ಟರೆ ನೆಲವೂ ಇದೆಯಲ್ಲ ದೊಡ್ಡಪ್ಪ? 2007ರಲ್ಲಿ ಸ್ಟ್ರೀಟ್ ಸೆನ್ಸ್ ಅನ್ನೋ ಕುದುರೆ ಅಮೆರಿಕದ ಕೀನ್‌ಲ್ಯಾಂಡಿನ ಕೃತಕ ಟ್ರ್ಯಾಕಿನ ಮೇಲೆ ಮೂಗಿನಳತೆಯಲ್ಲಿ ಸೋತಿತು. ಮಣ್ಣಿನ ಟ್ರ್ಯಾಕಿಗೆ ಬಂದು ಡರ್ಬಿ ಗೆದ್ದಿತು.

ದೊಡ್ಡಪ್ಪ: ಒಪ್ಪುವ ಕಾರಣ. ನಮ್ಮಲ್ಲಿ ಓಟವೆಲ್ಲ ಹುಲ್ಲಿನ ಮೇಲೆ, ಆ ಗೊಂದಲ ಇಲ್ಲ. ಆದರೆ ಮಳೆಗಾಲದ ಸೀಸನ್, ಬೆಟ್ಟದ ಕಡೆಯಿಂದ ಒಂದು ಮಳೆ ಸುರಿದರೂ ನೆಲ ಬೇರೆ. ನೆಲ ಎಷ್ಟು ಮೆತ್ತಗಿದೆ ಅಂತ ಅಳೆಯೋ ಪೆನೆಟ್ರೋಮೀಟರ್ ರೀಡಿಂಗ್ ಹಾಕ್ತಾರಲ್ಲ, ಅದನ್ನ ಎಷ್ಟು ಜನ ಓದ್ತಾರೆ? ಕುದುರೆ ಗಟ್ಟಿ ನೆಲದಲ್ಲಿ ಸೋತಿತೋ ಮೆತ್ತಗಿನ ನೆಲದಲ್ಲಿ ಸೋತಿತೋ ಅಂತ ನೋಡದೆ ‘ಐದನೇದು ಬಂತು’ ಅಂದರೆ ಅರ್ಧ ಸುದ್ದಿ.

ಚಿಕ್ಕಪ್ಪ, ಮಂಡ್ಯ: ಮೈನ್ ದಟ್ ಬರ್ಡ್? ರಿಚ್ ಸ್ಟ್ರೈಕ್? ಅವಕ್ಕೇನು ಕುರು ಆಗಿತ್ತಾ? ಬಾಜಿ ದರ ಒಂದರದ್ದು ರೂಪಾಯಿಗೆ ಐವತ್ತು, ಇನ್ನೊಂದರದ್ದು ಎಂಬತ್ತು. ನಿನ್ನ ಲೆಕ್ಕದಲ್ಲಿ ಎರಡೂ ಸಿಗೋಲ್ಲ.

ದೊಡ್ಡಪ್ಪ: ಸಿಗೋಲ್ಲ, ನಿಜ. ಅವನ್ನ ಮೊದಲೇ ಕಂಡಿದ್ದೆ ಅನ್ನೋರ ಮಾತು ನಾನು ನಂಬೋಲ್ಲ. ರಿಚ್ ಸ್ಟ್ರೈಕ್‌ಗೆ ಜಾಗ ಸಿಕ್ಕಿದ್ದೇ ಹಿಂದಿನ ದಿನ ಇನ್ನೊಂದು ಕುದುರೆ ಹಿಂದೆ ಸರಿದದ್ದರಿಂದ. ಮುಂದಿದ್ದವು ಮೊದಲ 400 ಮೀಟರನ್ನ 21.78 ಸೆಕೆಂಡಲ್ಲಿ ಓಡಿದವು, ಡರ್ಬಿ ಚರಿತ್ರೆಯಲ್ಲೇ ಅಷ್ಟು ವೇಗ ಇರಲಿಲ್ಲ. ಅವು ಸುಸ್ತಾದಾಗ ಇದು ಹಿಂದಿನಿಂದ ಬಂತು. ಆಮೇಲೆ ಒಂದು ಓಟವನ್ನೂ ಗೆಲ್ಲಲಿಲ್ಲ. ಅದಕ್ಕೆ ಎಂಬತ್ತರ ದರ ಇಟ್ಟವರು ತಪ್ಪು ಮಾಡಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಚಿಕ್ಕಪ್ಪ, ಮಂಡ್ಯ: ಅಷ್ಟೆಲ್ಲ ಓದಿ ಕೊನೆಗೂ ಅದೃಷ್ಟ ಅಂತೀಯ. ಮತ್ತೆ ಈ ಲೆಕ್ಕಾಚಾರ ಯಾಕೆ?

ದೊಡ್ಡಪ್ಪ: 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ಪಂದ್ಯವನ್ನ ಕೌಶಲದ ಆಟ ಅಂತ ತೀರ್ಪು ಕೊಟ್ಟಿತು. ಆ ಕೌಶಲ ಇರೋದೇ ಇಲ್ಲಿ. ಸೋತ ಓಟದ ವಿಡಿಯೋ ನೋಡಬೇಕು, ಕಾರಣ ಹುಡುಕಬೇಕು, ಆ ಕಾರಣ ದೊಡ್ಡ ಓಟದ ದಿನ ಇರುತ್ತಾ ಇಲ್ಲವಾ ಅಂತ ಯೋಚಿಸಬೇಕು. ಕಾರಣವೇ ಕಾಣದಿದ್ದರೆ ಕುದುರೆ ಅಷ್ಟೇ ಅಂತ ತಿಳಿಯಬೇಕು. ‘ಸೋತಿದೆ, ಆದ್ದರಿಂದ ಗೆಲ್ಲುತ್ತೆ’ ಅಂತ ದುಡ್ಡು ಹಾಕೋದಾದರೆ ಲಾಟರಿ ಟಿಕೆಟ್‌ಗೂ ಇದಕ್ಕೂ ಏನು ವ್ಯತ್ಯಾಸ? ಆ ಫಾರ್ವರ್ಡ್ ಮೇಲೆ ನನಗೆ ಸಿಟ್ಟು ಅದಕ್ಕೇ.

ಚಿಕ್ಕಪ್ಪ, ಮಂಡ್ಯ: ಸರಿ, ವಿಡಿಯೋನೇ ನೋಡು. (ವಿಡಿಯೋ) ಕೊನೇ 600 ಮೀಟರ್ ಗುರುತಿನಿಂದ. ಮುಂದೆ ಮೂರು ಕುದುರೆ ಅಡ್ಡ, ಜಾಕಿಗೆ ದಾರಿನೇ ಇಲ್ಲ.

ದೊಡ್ಡಪ್ಪ: ನೋಡಿದೆ, ಎರಡು ಸಲ. ಅಡ್ಡ ಇದ್ದದ್ದು ಸ್ವಲ್ಪ ಹೊತ್ತು. 300ರ ಹತ್ತಿರ ಹೊರಗಡೆ ಜಾಗ ಬಿಡ್ತು. ಜಾಕಿ ವೇಗ ಕೇಳಿದ, ಕುದುರೆ ಕೊಡಲಿಲ್ಲ.

ಚಿಕ್ಕಪ್ಪ, ಮಂಡ್ಯ: ನೆಲ ಮೆತ್ತಗಿತ್ತು.

ನಾನು: ಚಿಕ್ಕಪ್ಪ, ಅದಕ್ಕೂ ಹಿಂದಿನ ಗೆಲುವು ಮಳೆಯ ದಿನವೇ ಅಂತ ನೀವೇ ಇಲ್ಲಿ ಹಾಕಿದ್ರಿ.

ಚಿಕ್ಕಪ್ಪ, ಮಂಡ್ಯ: ತೂಕ? ಆ ಓಟ ಹ್ಯಾಂಡಿಕ್ಯಾಪ್, ಚೆನ್ನಾಗಿ ಓಡೋ ಕುದುರೆಗೆ ಹೆಚ್ಚು ತೂಕ ಹೊರಿಸೋದು. ನಮ್ಮದರ ಮೇಲೆ 60 ಕೆಜಿ, ಗೆದ್ದದ್ದರ ಮೇಲೆ 53. ಡರ್ಬಿಯಲ್ಲಿ ಗಂಡು ಕುದುರೆಗಳಿಗೆಲ್ಲ ಒಂದೇ ತೂಕ. ಇದಕ್ಕೇನು ಹೇಳ್ತೀಯ ಅಣ್ಣ?

ದೊಡ್ಡಪ್ಪ: ಇದು ಮಾತು. ಇದನ್ನ ಮೊದಲೇ ಹೇಳಿದ್ದರೆ ಆ ಪಟ್ಟಿ ಬೇಕಾಗೇ ಇರಲಿಲ್ಲ. ಏಳು ಕೆಜಿ ವ್ಯತ್ಯಾಸ ಕೊನೇ 300 ಮೀಟರಿನಲ್ಲಿ ಖಂಡಿತ ಗೊತ್ತಾಗುತ್ತೆ. ಆದರೆ ನಡುವೆ ಇನ್ನೂ ಮೂರು ಕುದುರೆ ಮುಂದೆ ಬಂದವಲ್ಲ, ಅವುಗಳ ಮೇಲೆ ಎಷ್ಟಿತ್ತು?

ಚಿಕ್ಕಪ್ಪ, ಮಂಡ್ಯ: ನೋಡಿ ಹೇಳ್ತೀನಿ.

ಅತ್ತೆ: ಮೇವು ತಿಂತಿದೆಯಾ ಅಂತನೂ ಕೇಳು.