ಎರಡು ದಾಟಿದ ಮಗ ಕರೆದರೆ ತಿರುಗುವುದಿಲ್ಲ, ಕಾಯಬೇಕೇ?

ಪ್ರಶ್ನೆ (ತುಮಕೂರಿನ ಒಬ್ಬ ತಾಯಿ): ನಮಸ್ಕಾರ ಮೇಡಂ. ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಮೊಬೈಲ್‌ನಲ್ಲಿ ಅವನ ಹಾಡು ಶುರುವಾದರೆ ಮಾತ್ರ ಓಡಿ ಬರುತ್ತಾನೆ. ಬಿಸ್ಕತ್ತು ಬೇಕಾದರೆ ಬೆರಳು ತೋರಿಸದೆ, ನನ್ನ ಕೈ ಎಳೆದು ಡಬ್ಬದ ಮೇಲೆ ಇಡುತ್ತಾನೆ. ಆಟದ ಕಾರಿನ ಚಕ್ರ ತಿರುಗಿಸುತ್ತಲೇ ಕೂರುತ್ತಾನೆ. ಒಂದೂವರೆ ವರ್ಷಕ್ಕೆ "ಅಮ್ಮ", "ನೀರು" ಎನ್ನುತ್ತಿದ್ದವನು ಈಗ ಅದನ್ನೂ ಬಿಟ್ಟಿದ್ದಾನೆ. "ಅವರಪ್ಪನೂ ತಡವಾಗಿಯೇ ಮಾತು ಕಲಿತದ್ದು, ಸುಮ್ಮನಿರು" ಎನ್ನುತ್ತಾರೆ ಅತ್ತೆ. ಇನ್ನೊಂದು ವರ್ಷ ನೋಡಲೇ?

ಉತ್ತರ (ಮಕ್ಕಳ ಬೆಳವಣಿಗೆ ತಜ್ಞೆ): ಬೇಡಮ್ಮ, ಈ ವಾರವೇ ಹೊರಡಿ. ತಡವಾಗಿ ಮಾತನಾಡುವ ಮಕ್ಕಳು ಇದ್ದಾರೆ, ಅತ್ತೆಯವರು ಹೇಳುವುದು ಸುಳ್ಳಲ್ಲ. ಆದರೆ ಅಂಥ ಮಗು ಮಾತಿಲ್ಲದಿದ್ದರೂ ಬೆರಳು ತೋರಿಸುತ್ತದೆ. ವಿಮಾನ ಕಂಡರೆ ಒಮ್ಮೆ ಅದನ್ನು, ಒಮ್ಮೆ ನಿಮ್ಮ ಮುಖವನ್ನು ನೋಡಿ ನಗುತ್ತದೆ. ಎಷ್ಟು ಪದ ಬರುತ್ತದೆ ಎಂದು ಕೇಳುವ ಮುಂಚೆ ನಾನು ಕೇಳುವುದು ಇದನ್ನೇ. ಬಂದ ಮಾತು ಹೋಗಿದ್ದರಂತೂ ಯಾವ ವಯಸ್ಸಿನಲ್ಲೂ ತಡಮಾಡುವಂತಿಲ್ಲ.

ಇಷ್ಟನ್ನು ಓದಿ ಆಟಿಸಂ (ಇತರರೊಡನೆ ಬೆರೆಯುವುದು, ಮಾತು, ನಡವಳಿಕೆ ಬೇರೆ ರೀತಿ ಇರುವ ಮೆದುಳಿನ ಬೆಳವಣಿಗೆಯ ಸ್ಥಿತಿ) ಎಂದು ನಾನು ಹೇಳಲಾರೆ. ಮೊದಲು ಕಿವಿ ಪರೀಕ್ಷೆ ಆಗಲಿ. ಹಾಡಿಗೆ ಓಡಿಬಂದ ಎಂಬುದರಿಂದ ಎಲ್ಲ ಧ್ವನಿಯೂ ಕೇಳಿಸುತ್ತಿದೆ ಎನ್ನಲಾಗದು. ಮಗು ನಿದ್ರೆಯಲ್ಲಿರುವಾಗ ಮಾಡುವ ಬೇರಾ ಎಂಬ ಕಿವಿ ಪರೀಕ್ಷೆಗೆ ಅವನ ಸಹಕಾರವೂ ಬೇಕಿಲ್ಲ. ಆಟಿಸಂ ಪತ್ತೆಗೆ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮಗುವಿನೊಡನೆ ಆಡಿ, ನಿಮ್ಮನ್ನು ವಿಚಾರಿಸಿ ನಿರ್ಧರಿಸುತ್ತಾರೆ. 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಎಂಬ ಪ್ರಶ್ನಾವಳಿ ಇದೆ, ಅದು ಬರೀ ಜರಡಿ, ಯಾವ ಮಗುವನ್ನು ಹೆಚ್ಚು ಪರೀಕ್ಷಿಸಬೇಕು ಎಂದಷ್ಟೇ ಹೇಳುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ಒಂದೇ ಆವರಣದಲ್ಲಿ ನೋಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ.

ಅಲ್ಲಿಯವರೆಗೆ ಮನೆಯಲ್ಲೇ ಆರಂಭಿಸಿ. ಕಾರನ್ನು ಕಿತ್ತುಕೊಳ್ಳಬೇಡಿ, ಅವನೆದುರು ನೆಲದ ಮೇಲೆ ಕುಳಿತು ನೀವೂ ಚಕ್ರ ತಿರುಗಿಸಿ, ನಿಲ್ಲಿಸಿ, ಅವನು ನಿಮ್ಮತ್ತ ನೋಡುವವರೆಗೆ ಕಾಯಿರಿ. ಬಿಸ್ಕತ್ತನ್ನು ಒಳಗಿನದು ಕಾಣುವ ಡಬ್ಬದಲ್ಲಿ ಹಾಕಿ. ಅವನು ಕೈ ಎಳೆದಾಗ "ಬೇಕು" ಎಂದಷ್ಟೇ ಹೇಳಿ ಒಂದು ತುಂಡು ಕೊಡಿ. ಹೇಳಿದರೇ ಕೊಡುತ್ತೇನೆ ಎಂದು ಅಳಿಸುವುದು ಬೇಡ. ಅಂಗನವಾಡಿಯಲ್ಲೋ ನರ್ಸರಿಯಲ್ಲೋ ಇಂಗ್ಲಿಷ್ ಮಾತ್ರ ಆಡಿ ಎಂದರೆ ಒಪ್ಪಬೇಡಿ. ಎರಡು ಭಾಷೆ ಕೇಳಿದರೆ ಆಟಿಸಂ ಬರುವುದಿಲ್ಲ, ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಾತನಾಡಿ.

ಪ್ರಶ್ನೆ (ಅದೇ ತಾಯಿ): ಕೆಲಸದ ನಡುವೆ ಮೊಬೈಲ್ ಕೊಟ್ಟು ಕೂರಿಸುತ್ತಿದ್ದೆ. ಅದರಿಂದಲೇ ಹೀಗಾಯಿತೇ? ಲಸಿಕೆಯಿಂದ ಎಂದೂ ಕೆಲವರು ಹೇಳುತ್ತಾರೆ.

ಉತ್ತರ: ಎರಡೂ ಅಲ್ಲ. ಮೊಬೈಲ್ ಮಗುವಿನ ಆಟದ ಹೊತ್ತನ್ನು ತಿನ್ನುತ್ತದೆ, ಕಡಿಮೆ ಮಾಡಿ. ಆಟಿಸಂಗೆ ಅದು ಕಾರಣವಲ್ಲ. ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಕುರಿತು ಬರೆದ ಮೇಲೆ ಕೆಲವು ದಶಕ ತಾಯಂದಿರ ಪ್ರೀತಿ ಸಾಲದ್ದಕ್ಕೇ ಹೀಗೆ ಎಂದು ವೈದ್ಯರೇ ದೂಷಿಸಿದರು. ಆ ವಾದ ಬಿದ್ದುಹೋಗಿ ಎಷ್ಟೋ ಕಾಲವಾಯಿತು, ನಮ್ಮ ನೆಂಟರಿಷ್ಟರಿಗೆ ಮಾತ್ರ ಸುದ್ದಿ ಮುಟ್ಟಿಲ್ಲ. ಇದರಲ್ಲಿ ವಂಶವಾಹಿಗಳ ಪಾತ್ರವೇ ದೊಡ್ಡದು. ಲಸಿಕೆಯ ಅನುಮಾನ ಹುಟ್ಟಿಸಿದ 1998ರ ಲೇಖನವನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಬಾಕಿ ಲಸಿಕೆ ಹಾಕಿಸಿ.

ಪ್ರಶ್ನೆ (ಹುಬ್ಬಳ್ಳಿಯ ಒಬ್ಬ ತಂದೆ): ಮಗಳಿಗೆ ಐದು ವರ್ಷ, ಆಟಿಸಂ ಖಚಿತವಾಗಿದೆ. ಕಾಂಡಕೋಶ (ಸ್ಟೆಮ್ ಸೆಲ್) ಚುಚ್ಚಿದರೆ ಪೂರ್ತಿ ಗುಣ ಎನ್ನುತ್ತಾರೆ. ಲಕ್ಷಗಟ್ಟಲೆ ಖರ್ಚು, ಹೊಲ ಮಾರುವ ಯೋಚನೆ ಇದೆ.

ಉತ್ತರ: ಹೊಲ ಉಳಿಸಿಕೊಳ್ಳಿ ಸರ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಆಟಿಸಂಗೆ ಇದನ್ನು ಚಿಕಿತ್ಸೆಯಾಗಿ ಒಪ್ಪಿಲ್ಲ. ಪೂರ್ತಿ ಗುಣ ಎಂದು ಭರವಸೆ ಕೊಡುವವರಿಂದ ದೂರವಿರಿ. ಆಟಿಸಂನ ಮೂಲ ಲಕ್ಷಣಗಳಿಗೆ ಮಾತ್ರೆಯೂ ಇಲ್ಲ. ವಿಪರೀತ ಸಿಟ್ಟು, ತಲೆ ಚಚ್ಚಿಕೊಳ್ಳುವುದು ಇದ್ದರೆ ರಿಸ್ಪೆರಿಡೋನ್‌ನಂಥ ಔಷಧವನ್ನು ವೈದ್ಯರು ಕೊಡುವುದುಂಟು. ಅದರಿಂದ ತೂಕ ಏರಬಹುದು, ಮಾತು ಬರುವುದಿಲ್ಲ. ನೆರವಾಗುವುದು ವಾಕ್ ಚಿಕಿತ್ಸೆ, ಆಕ್ಯುಪೇಷನಲ್ ಥೆರಪಿ (ಊಟ, ಬಟ್ಟೆ, ಆಟದಂಥ ದಿನನಿತ್ಯದ ಕೆಲಸಗಳನ್ನು ಕಲಿಸುವ ಚಿಕಿತ್ಸೆ), ನಡವಳಿಕೆಯ ತರಬೇತಿ, ಜೊತೆಗೆ ಅದನ್ನೇ ಮನೆಯಲ್ಲಿ ಮುಂದುವರಿಸುವ ಅಪ್ಪ ಅಮ್ಮ. ಥೆರಪಿ ಕೇಂದ್ರ ಆರಿಸುವಾಗ, ಮುಂದಿನ ಮೂರು ತಿಂಗಳಲ್ಲಿ ಮಗಳು ಏನನ್ನು ಕಲಿಯಬೇಕೆಂದಿದ್ದೀರಿ ಎಂದು ಕೇಳಿ. ನಿಮ್ಮನ್ನು ಹೊರಗೆ ಕೂರಿಸಿ ಸದಾ ಬಾಗಿಲು ಹಾಕಿಕೊಳ್ಳುವ ಕಡೆಗೆ ನಾನಾದರೆ ಹೋಗುವುದಿಲ್ಲ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಿ, ಬಳಿಕ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಗೂ ನೋಂದಾಯಿಸಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆ ವಿಮೆಯಲ್ಲಿ ಥೆರಪಿ ಖರ್ಚಿಗೂ ಒಂದು ಪಾಲು ಇದೆ, ರಸೀದಿಗಳನ್ನು ಎಸೆಯಬೇಡಿ.